ಸ್ಕ್ಯಾನ್ ಕ್ಲಿಯರ್ ಇದೆ, ಆದರೆ ಹುಡುಗ ಮೊದಲಿನಂತಿಲ್ಲ: ತಲೆಗೆ ಪೆಟ್ಟಾದ ಮಕ್ಕಳ ಮನೆಯವರಿಗೆ

ಬೆಲ್ಲ, ಉಪ್ಪು, ಕಡ್ಡಿಪೆಟ್ಟಿಗೆ. ಮೂರೇ ಸಾಮಾನು. ನನ್ನ ತಂಗಿ ತನ್ನ ಮಗನನ್ನು ಓಣಿಯ ಕಿರಾಣಿ ಅಂಗಡಿಗೆ ಕಳಿಸಿದಳು. ಹುಡುಗ ಉಪ್ಪಿನ ಪಾಕೀಟು ಮಾತ್ರ ಹಿಡಿದು ಬಂದ. ಉಳಿದದ್ದು ತಾ ಅಂತ ಮತ್ತೆ ಕಳಿಸಿದಳು. ಈ ಸಲ ಇನ್ನೊಂದು ಉಪ್ಪಿನ ಪಾಕೀಟು ಬಂತು. ಒಂಬತ್ತು ವರ್ಷದ ಹುಡುಗ. ಒಂದು ತಿಂಗಳ ಹಿಂದೆ ಅಂಗಡಿಯವರು ಚಿಲ್ಲರೆ ಕಮ್ಮಿ ಕೊಟ್ಟರೆ ಅಲ್ಲೇ ನಿಂತು ಲೆಕ್ಕ ಹೇಳಿ ಎರಡು ರೂಪಾಯಿ ಇಸಕೊಂಡು ಬರುತ್ತಿದ್ದವ.

ಅವತ್ತು ಸಂಜೆ ತಂಗಿ ಫೋನ್ ಮಾಡಿದಳು. "ಅಣ್ಣಾ, ಇವ ಯಾಕೋ ಮೊದಲಿನಂಗ ಇಲ್ಲ. ಸ್ಕ್ಯಾನ್‌ನಾಗ ಏನೂ ಇಲ್ಲಂತ ಡಾಕ್ಟರ್ ಹೇಳ್ಯಾರ. ನಾಟಕ ಮಾಡ್ಲಾಕತ್ತಾನೇನೋ ಅನಸ್ತದ."

ನಾಟಕ ಅಲ್ಲ. ನಾಗರ ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹಳೇ ಹಗ್ಗ. ಜೋರಾಗಿ ಜೀಕುವಾಗ ಹರಿಯಿತು. ಹುಡುಗನ ಹಿಂದಲೆ ಫರಸಿ ಕಲ್ಲಿನ ಅಂಚಿಗೆ ಬಡಿಯಿತು. ಒಂದು ನಿಮಿಷ ಎಚ್ಚರ ಇರಲಿಲ್ಲ, ಎರಡು ಸಲ ವಾಂತಿ ಆಯಿತು. ಕಲಬುರಗಿಗೆ ಕರೆದುಕೊಂಡು ಹೋದೆವು. ಸಿಟಿ ಸ್ಕ್ಯಾನ್ ಆಯಿತು, ರಕ್ತಸ್ರಾವ ಇಲ್ಲ ಎಂದರು, ಮರುದಿನ ಮನೆಗೆ ಬಂದೆವು. ಮುಗಿಯಿತು ಅಂದುಕೊಂಡೆವು.

ನಾನು ಆಳಂದ ತಾಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕ. ಡಾಕ್ಟರ್ ಅಲ್ಲ. ಹುಡುಗನ ಜೊತೆ ಎರಡು ವರ್ಷ ಓಡಾಡಿದ ಮೇಲೆ ತಿಳಿದದ್ದನ್ನು, ಡಾಕ್ಟರ್‌ಗಳು ಹೇಳಿಕೊಟ್ಟದ್ದನ್ನು, ದಿನದ ಲೆಕ್ಕದಲ್ಲಿ ಜೋಡಿಸಿ ಇಲ್ಲಿ ಬರೆದಿದ್ದೇನೆ.

ಮೊದಲ ಹತ್ತು ನಿಮಿಷ

ಮಗು ಬಿದ್ದ ಕೂಡಲೇ ನಾವೆಲ್ಲ ಮಾಡುವುದು ಒಂದೇ. ಭುಜ ಹಿಡಿದು "ಏಳೋ, ಏಳೋ" ಅಂತ ಅಲುಗಾಡಿಸುತ್ತೇವೆ, ಬಾಯಿಗೆ ನೀರು ಹಾಕುತ್ತೇವೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತೇವೆ. ಮೂರೂ ಬೇಡ. ತಲೆಗೆ ಜೋರು ಪೆಟ್ಟು ಬಿದ್ದಿದ್ದರೆ ಕುತ್ತಿಗೆಗೂ ಬಿದ್ದಿರಬಹುದು. ಎಚ್ಚರ ಇಲ್ಲದ ಮಗುವಿನ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು.

ಮೊದಲು ಉಸಿರಾಡುತ್ತಿದೆಯಾ ನೋಡಿ. 108ಕ್ಕೆ ಕರೆ ಮಾಡಿ. ಒಬ್ಬರು ತಲೆಯ ಎರಡೂ ಬದಿ ಕೈಯಿಟ್ಟು ಅಲುಗದಂತೆ ಹಿಡಿದುಕೊಳ್ಳಲಿ. ವಾಂತಿ ಬಂದರೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಒಟ್ಟಿಗೆ ಒಂದು ಮಗ್ಗುಲಿಗೆ ಹೊರಳಿಸಿ. ಗಾಯದಿಂದ ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಒತ್ತಿ ಹಿಡಿಯಿರಿ. ಆದರೆ ಬುರುಡೆ ಒಳಗೆ ತಗ್ಗಾದಂತೆ ಕಂಡರೆ ಆ ಜಾಗ ಒತ್ತಬೇಡಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬೇಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ. ಎಷ್ಟು ಹೊತ್ತು ಬಂತು ಅಂತ ಗಡಿಯಾರ ನೋಡಿ, ಅಷ್ಟೇ.

ಒಂದು ಮಾತು. ನೆತ್ತಿಯ ಚರ್ಮದಲ್ಲಿ ರಕ್ತನಾಳ ಜಾಸ್ತಿ, ಸಣ್ಣ ಗಾಯಕ್ಕೂ ಅಂಗಿ ತೊಯ್ಯುವಷ್ಟು ರಕ್ತ ಬರುತ್ತದೆ. ಅದನ್ನು ನೋಡಿ ಊರೇ ಗಾಬರಿಯಾಗುತ್ತದೆ. ಹೊರಗೆ ಬರೀ ಬುಗುಟು ಇದ್ದು ಒಳಗೆ ರಕ್ತ ಹೆಪ್ಪುಗಟ್ಟುತ್ತಿದ್ದರೆ ಯಾರಿಗೂ ಗಾಬರಿಯಾಗುವುದಿಲ್ಲ. ಹಾಗಾಗಿ ರಕ್ತ ನೋಡಿ ತೀರ್ಮಾನ ಮಾಡಬೇಡಿ, ಮಗುವಿನ ನಡವಳಿಕೆ ನೋಡಿ.

ರಸ್ತೆಯಲ್ಲಿ ಬಿದ್ದ ಬೇರೆಯವರ ಮಗು ಆದರೂ ಹೀಗೇ ನೆರವಾಗಿ. ಪೊಲೀಸ್ ಕೇಸಿಗೆ ಹೆದರಿ ದೂರ ನಿಲ್ಲುವವರು ನಮ್ಮಲ್ಲಿ ಇನ್ನೂ ಇದ್ದಾರೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಂ ನೆರವಿಗೆ ಬಂದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಿ ಅಂತ ನಿಮ್ಮನ್ನು ಒತ್ತಾಯಿಸುವಂತಿಲ್ಲ.

ಯಾವಾಗ ಓಡಬೇಕು

ಇವುಗಳಲ್ಲಿ ಒಂದೇ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ:

- ಸ್ವಲ್ಪ ಹೊತ್ತಾದರೂ ಎಚ್ಚರ ತಪ್ಪಿದ್ದು, ಅಥವಾ ಎಬ್ಬಿಸಿದರೂ ಸರಿಯಾಗಿ ಏಳದಿರುವುದು
- ಮತ್ತೆ ಮತ್ತೆ ವಾಂತಿ, ಹೊತ್ತು ಹೋದಂತೆ ಹೆಚ್ಚುವ ತಲೆನೋವು
- ಫಿಟ್ಸ್
- ಕಿವಿ, ಮೂಗಿನಿಂದ ರಕ್ತ ಅಥವಾ ನೀರಿನಂಥ ದ್ರವ
- ಒಂದು ಕಣ್ಣಿನ ಪಾಪೆ ದೊಡ್ಡದು, ಇನ್ನೊಂದು ಸಣ್ಣದು
- ಒಂದು ಕೈ ಅಥವಾ ಕಾಲು ಸೋತಂತಾಗುವುದು, ಮಾತು ತೊದಲುವುದು, ನಡೆಯುವಾಗ ತೂರಾಡುವುದು
- ಮನೆಯವರ ಗುರುತು ಸಿಗದಿರುವುದು, ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು
- ಕೂಸಾದರೆ: ಹಾಲು ಬಿಡುವುದು, ಎತ್ತಿಕೊಂಡರೂ ನಿಲ್ಲದ ಅಳು, ನೆತ್ತಿಯ ಮೆತ್ತನೆ ಜಾಗ ಉಬ್ಬುವುದು

ಬಿದ್ದ ಎತ್ತರವೂ ಮುಖ್ಯ. ಎರಡು ವರ್ಷದೊಳಗಿನ ಮಗು 3 ಅಡಿಗಿಂತ ಎತ್ತರದಿಂದ, ದೊಡ್ಡ ಮಗು 5 ಅಡಿಗಿಂತ ಎತ್ತರದಿಂದ ಬಿದ್ದರೆ ಡಾಕ್ಟರ್‌ಗಳು ಅದನ್ನು ಗಂಭೀರವಾಗಿಯೇ ನೋಡುತ್ತಾರೆ. ನಮ್ಮ ಮಂಚ, ತೊಟ್ಟಿಲು, ಕಟ್ಟೆ ಎಷ್ಟು ಎತ್ತರ ಅಂತ ಒಮ್ಮೆ ಅಳೆದು ನೋಡಿ. ಮಾಳಿಗೆಯ ಮಾತಂತೂ ಬೇಡವೇ ಬೇಡ.

ಬಿದ್ದ ಮೇಲೆ ಎದ್ದು ರೊಟ್ಟಿ ತಿಂದು ಆಡಿಕೊಂಡಿದ್ದ ಮಗು ನಾಲ್ಕಾರು ತಾಸಿನ ಮೇಲೆ ಕುಸಿಯುವುದುಂಟು. ಬುರುಡೆಗೂ ಮಿದುಳಿಗೂ ನಡುವೆ ರಕ್ತ ನಿಧಾನಕ್ಕೆ ಸೇರುತ್ತಿದ್ದರೆ ಹೀಗಾಗುತ್ತದೆ. ಆದ್ದರಿಂದ ಮೊದಲ ಎರಡು ದಿನ ದೊಡ್ಡವರೊಬ್ಬರು ಜೊತೆಗೇ ಇರಬೇಕು.

ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ನಮ್ಮ ಕಡೆಯವರು ಸೊಲ್ಲಾಪುರಕ್ಕೆ, ಬೀದರ್‌ನವರು ಹೈದರಾಬಾದ್‌ಗೆ ಓಡುವುದು ರೂಢಿ. ಹೋಗಬಾರದು ಅಂತಲ್ಲ. ಆದರೆ ಎಚ್ಚರ ಇಲ್ಲದ ಮಗುವನ್ನು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ನೂರಾರು ಕಿಲೋಮೀಟರ್ ಹೋಗುವ ಬದಲು, ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಉಸಿರು, ರಕ್ತದೊತ್ತಡ ಸರಿಮಾಡಿಸಿ ಮುಂದೆ ಹೋಗುವುದು ವಾಸಿ. ರಸ್ತೆ ಅಪಘಾತವಾಗಿದ್ದರೆ 2025ರಲ್ಲಿ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಇದೆ. ಅಪಘಾತವಾದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗೆ. ನೋಂದಾಯಿತ ಆಸ್ಪತ್ರೆ ಹೌದಾ ಅಂತ ಕೌಂಟರ್‌ನಲ್ಲೇ ಕೇಳಿ.

ಆಸ್ಪತ್ರೆ ಬಿಡುವ ಮುಂಚೆ ಬರೆಸಿಕೊಳ್ಳಿ

ಇದನ್ನು ನಾವು ಮಾಡಲಿಲ್ಲ. ಆಮೇಲೆ ಹೋದ ಪ್ರತಿ ಡಾಕ್ಟರ್ ಕೇಳಿದ್ದು ಇದನ್ನೇ.

ಮೊದಲನೆಯದು, ಆಸ್ಪತ್ರೆಗೆ ಬಂದಾಗ ಜಿಸಿಎಸ್ ಎಷ್ಟಿತ್ತು? ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ ಕೊಡುವ ಅಂಕ ಇದು. 15ಕ್ಕೆ 13ರಿಂದ 15 ಬಂದರೆ ಹಗುರ ಪೆಟ್ಟು, 9ರಿಂದ 12 ಮಧ್ಯಮ, 8 ಮತ್ತು ಅದಕ್ಕಿಂತ ಕಮ್ಮಿ ಇದ್ದರೆ ತೀವ್ರ. ಡಿಸ್ಚಾರ್ಜ್ ಕಾರ್ಡಿನಲ್ಲಿ ಈ ಅಂಕ ಇರಲೇಬೇಕು.

ಎರಡನೆಯದು ನಿಮಗೇ ಗೊತ್ತಿರುವುದು. ಬಿದ್ದ ಮೇಲೆ ಮಗುವಿಗೆ ಸರಿಯಾಗಿ ನೆನಪು ಉಳಿಯಲು ಶುರುವಾದದ್ದು ಯಾವಾಗ? ಕಣ್ಣು ತೆರೆದು ಮಾತಾಡಿದ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮ ಹುಡುಗ ಆಸ್ಪತ್ರೆಯಲ್ಲಿ ಅಜ್ಜಿಯ ಜೊತೆ ಮಾತಾಡಿದ, ಬಾಳೆಹಣ್ಣು ತಿಂದ. ಮರುದಿನ ಕೇಳಿದರೆ ಅಜ್ಜಿ ಬಂದದ್ದೇ ಗೊತ್ತಿಲ್ಲ. ಈ ನೆನಪಿಲ್ಲದ ಹೊತ್ತು ಎಷ್ಟು ಉದ್ದವೋ, ಮುಂದೆ ಯೋಚನಾಶಕ್ತಿಗೆ ತೊಂದರೆ ಕಾಣುವ ಸಂಭವ ಅಷ್ಟು ಜಾಸ್ತಿ. ಗಂಟೆ ಲೆಕ್ಕದಲ್ಲಿ ಬರೆದಿಡಿ.

ಮತ್ತೆ, ಸ್ಕ್ಯಾನ್ ಮಾಡಲೇಬೇಕು ಅಂತ ಡಾಕ್ಟರ್ ಜೊತೆ ಜಗಳ ಬೇಡ. ಹಗುರ ಪೆಟ್ಟಾಗಿ ಅಪಾಯದ ಗುರುತು ಇಲ್ಲದಿದ್ದರೆ ಕೆಲವು ತಾಸು ಅಲ್ಲೇ ಇರಿಸಿಕೊಂಡು ನೋಡುವುದೂ ಸರಿಯಾದ ಕ್ರಮವೇ. ಸಿಟಿ ಸ್ಕ್ಯಾನ್ ಅಂದರೆ ವಿಕಿರಣ, ಎಳೆ ಮಗುವಿಗೆ ಸುಮ್ನೆ ಕೊಡುವಂಥದ್ದಲ್ಲ.

ಸ್ಕ್ಯಾನ್ ಕ್ಲಿಯರ್ ಅಂದರೆ ಏನು

ಗಡಿಗೆಯಲ್ಲಿ ಗಟ್ಟಿ ಮೊಸರು ತುಂಬಿ ಬಂಡಿಯಲ್ಲಿ ಒಯ್ಯುತ್ತಿದ್ದೀರಿ. ಬಂಡಿ ಕಲ್ಲು ಹತ್ತಿ ಇಳಿಯಿತು. ಗಡಿಗೆಗೆ ಏನೂ ಆಗಿಲ್ಲ. ಒಳಗಿನ ಮೊಸರು ಒಡೆದಿದೆ. ತಲೆಗೆ ಪೆಟ್ಟಾದಾಗ ಆಗುವುದು ಹೆಚ್ಚುಕಮ್ಮಿ ಇದೇ. ಮಿದುಳಿನ ತುಂಬಾ ಕೂದಲಿಗಿಂತ ಸಣ್ಣ ನರತಂತುಗಳಿವೆ, ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವುದು ಅವೇ. ತಲೆ ಗಕ್ಕನೆ ನಿಂತಾಗ ಅಥವಾ ತಿರುಗಿದಾಗ ಅವು ಜಗ್ಗಿ ಹೋಗುತ್ತವೆ. ಸಿಟಿ ಸ್ಕ್ಯಾನ್‌ಗೆ ಮೂಳೆ ಮುರಿದದ್ದು, ರಕ್ತ ಹೆಪ್ಪುಗಟ್ಟಿದ್ದು ಚೆನ್ನಾಗಿ ಕಾಣುತ್ತದೆ. ಜಗ್ಗಿದ ತಂತು ಕಾಣುವುದಿಲ್ಲ. "ಸ್ಕ್ಯಾನ್ ಕ್ಲಿಯರ್" ಎಂದರೆ ಈಗ ಆಪರೇಷನ್ ಬೇಡ ಎಂದಷ್ಟೇ ಅರ್ಥ ಮಾಡಿಕೊಳ್ಳಿ.

ಬುರುಡೆಯ ಒಳಗೆ, ಹಣೆಯ ಹಿಂದೆ ಮತ್ತು ಕಿವಿಯ ಬದಿಗೆ, ಮೂಳೆ ಒರಟು. ಪೆಟ್ಟು ಹಿಂದೆ ಬಿದ್ದರೂ ಮಿದುಳು ಮುಂದಕ್ಕೆ ಜಾರಿ ಈ ಒರಟು ಮೂಳೆಗೆ ಉಜ್ಜುತ್ತದೆ. ಗಮನ, ತಾಳ್ಮೆ, ಮುಂದಾಲೋಚನೆಯ ಕೆಲಸ ಹಣೆಯ ಹಿಂದಿನ ಭಾಗದ್ದು. ಹೊಸದನ್ನು ನೆನಪಿಡುವ ಕೆಲಸ ಕಿವಿಯ ಬದಿಯ ಭಾಗದ್ದು. ನಮ್ಮ ಹುಡುಗನಿಗೆ ಪೆಟ್ಟಾದದ್ದು ಹಿಂದಲೆಗೆ, ತಪ್ಪಿದ್ದು ಅಂಗಡಿಯ ಪಟ್ಟಿ.

ಗಾಬರಿಪಡಿಸಲು ಬರೆಯುತ್ತಿಲ್ಲ. ಹಗುರ ಪೆಟ್ಟಾದ ಬಹುಪಾಲು ಮಕ್ಕಳು 2ರಿಂದ 4 ವಾರದಲ್ಲಿ ಮೊದಲಿನಂತೆ ಆಗುತ್ತಾರೆ. ಈ ಬರಹ ಆ ನಾಲ್ಕು ವಾರವನ್ನು ಸರಿಯಾಗಿ ಕಳೆಯುವುದಕ್ಕೆ, ಮತ್ತು ಅದಾದ ಮೇಲೂ ಸುಧಾರಿಸದ ಮಕ್ಕಳಿಗೆ.

ಮೊದಲ ವಾರ: ಸುಮ್ಮನಿರಿಸಿ, ಆದರೆ ಕಟ್ಟಿಹಾಕಬೇಡಿ

ಮೊದಲ ಒಂದೆರಡು ದಿನ ವಿಶ್ರಾಂತಿ. ಮೊಬೈಲ್, ಟಿವಿ ಈ ಎರಡು ದಿನ ಬಂದ್. ಮಲಗಿದಲ್ಲೇ ಇದ್ದಾನಲ್ಲ, ಬೇಜಾರು ಕಳೆಯಲಿ ಅಂತ ಮೊಬೈಲ್ ಕೊಡುವುದು ನಾವು ಮಾಡಿದ ಎರಡನೇ ತಪ್ಪು. ರಾತ್ರಿ ತಲೆನೋವು ಏರಿತು.

ತಲೆಗೆ ಪೆಟ್ಟಾದವರನ್ನು ಮಲಗಲು ಬಿಡಬಾರದು ಅಂತ ಹಿರಿಯರು ಹೇಳುತ್ತಾರೆ. ಡಾಕ್ಟರ್ ನೋಡಿ ಮನೆಗೆ ಕಳಿಸಿದ ಮೇಲೆ ನಿದ್ದೆ ಮಾಡಲಿ, ಮಿದುಳು ಸುಧಾರಿಸಲು ನಿದ್ದೆ ಬೇಕೇ ಬೇಕು. ಎಷ್ಟು ಹೊತ್ತಿಗೊಮ್ಮೆ ಎಬ್ಬಿಸಿ ನೋಡಬೇಕು ಅಂತ ಡಾಕ್ಟರ್ ಹೇಳಿದಂತೆ ಎಬ್ಬಿಸಿ, ಹೆಸರು ಕೇಳಿ, ನಿಮ್ಮ ಗುರುತು ಹಿಡಿದರೆ ಮತ್ತೆ ಮಲಗಿಸಿ.

ಎರಡು ದಿನದ ಮೇಲೆ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದೂ ಸರಿಯಲ್ಲ. ಅಂಗಳದಲ್ಲಿ ನಡೆದಾಡಲಿ, ಅವರೆಕಾಯಿ ಬಿಡಿಸಲಿ, ಅಜ್ಜನ ಜೊತೆ ಮಾತಾಡಲಿ. ತಲೆನೋವು ಹೆಚ್ಚಿತೋ, ನಿಲ್ಲಿಸಿ. ಇಳಿಯಿತೋ, ಮತ್ತೆ ಸ್ವಲ್ಪ. ನಮ್ಮ ಕಡೆ ಬಿಸಿಲು ಇರುವಾಗ ಹಗಲು ಹನ್ನೊಂದರ ಮೇಲೆ ಹೊರಗೆ ಬೇಡ. ಬಿಸಿಲಿನ ತಲೆನೋವು ಯಾವುದು, ಪೆಟ್ಟಿನ ತಲೆನೋವು ಯಾವುದು ಅಂತ ಗೊತ್ತಾಗದೆ ಒದ್ದಾಡುತ್ತೀರಿ. ನೋವಿಗೆ ಪ್ಯಾರಾಸಿಟಮಾಲ್, ಅದೂ ಡಾಕ್ಟರ್ ತೂಕ ನೋಡಿ ಹೇಳಿದಷ್ಟು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಎರಡನೇ ವಾರದಿಂದ: ಒಂದು ನೋಟ್‌ಬುಕ್ ಇಡಿ

ನೂರು ಪುಟದ ನೋಟ್‌ಬುಕ್ ಸಾಕು. ದಿನಾ ರಾತ್ರಿ ನಾಲ್ಕು ಸಾಲು. "ಮಂದ ಆಗಿದ್ದಾನೆ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ನಮ್ಮ ನೋಟ್‌ಬುಕ್ಕಿನಿಂದಲೇ ಹೇಳುತ್ತೇನೆ.

"ಎಮ್ಮೆ ಕಟ್ಟಿ, ಬಕೆಟ್ ತುಂಬಿಸಿ, ಬಾಗಿಲು ಹಾಕಿ ಬಾ ಅಂದೆ. ಎಮ್ಮೆ ಕಟ್ಟಿದ. ಅಲ್ಲೇ ನಿಂತಿದ್ದ." ಹೇಳಿದ್ದನ್ನು ತಲೆಯಲ್ಲಿ ಹಿಡಿದುಕೊಂಡು ಕೆಲಸ ಮಾಡುವ ಶಕ್ತಿ ಇದು. ಅಂಗಡಿಯ ಮೂರು ಸಾಮಾನು ಜಾರಿದ್ದೂ ಇಲ್ಲಿಂದಲೇ. ಹಳೆಯದೆಲ್ಲ ನೆನಪಿರುತ್ತದೆ. ಹೋದ ವರ್ಷದ ಶರಣಬಸವೇಶ್ವರ ಜಾತ್ರೆಯಲ್ಲಿ ಯಾವ ಆಟಿಕೆ ಕೊಂಡೆ ಅಂತ ಥಟ್ಟನೆ ಹೇಳುತ್ತಾನೆ. ಅದಕ್ಕೇ ಮನೆಯವರು "ಅದು ನೆನಪಿದೆ, ಇದು ಹೇಗೆ ಮರೆಯಿತು" ಅಂತ ಬೈಯುವುದು. ಹಳೇ ನೆನಪಿನ ಪೆಟ್ಟಿಗೆ ಬೇರೆ, ಈಗ ಹೇಳಿದ್ದನ್ನು ಹಿಡಿಯುವ ಕೈ ಬೇರೆ.

"ಕಾಪಿ ಬರೆಯಲು ಒಂದು ಪುಟಕ್ಕೆ ಅರ್ಧ ತಾಸು. ತಪ್ಪಿಲ್ಲ." ಇದು ವೇಗದ ತೊಂದರೆ. ಬುದ್ಧಿ ಇದೆ, ನಿಧಾನವಾಗಿದೆ. ಪರೀಕ್ಷೆಯಲ್ಲಿ ಇಂಥ ಮಗು ಗೊತ್ತಿರುವ ಉತ್ತರವನ್ನೂ ಬರೆಯದೆ ಖಾಲಿ ಬಿಟ್ಟು ಬರುತ್ತದೆ.

"ಸೌಟು ಕೊಡು ಅನ್ನಲು ಬರಲಿಲ್ಲ. ಅದು, ಸಾರು ಹಾಕೋದು, ಅದು ಕೊಡು ಅಂದ." ಪದ ನಾಲಿಗೆಯ ತುದಿಗೆ ಬಂದು ನಿಲ್ಲುವುದು.

"ಬೆಳಿಗ್ಗೆ ಏಳರ ಮಗ್ಗಿ ಪೂರಾ ಹೇಳಿದ. ಸಂಜೆ ಏಳಾರು ನಲವತ್ತೆರಡು ಅಂದು ಗೋಡೆ ನೋಡುತ್ತಾ ಕುಳಿತ." ಇದನ್ನು ಓದಿದ ಡಾಕ್ಟರ್ ಎಲ್ಲಕ್ಕಿಂತ ಹೆಚ್ಚು ತಲೆದೂಗಿದರು. ಮಿದುಳಿನ ಸುಸ್ತು ಅಂದರೆ ಇದು. ಮೊದಲು ಸಲೀಸಾಗಿ ಆಗುತ್ತಿದ್ದ ಕೆಲಸಕ್ಕೆ ಈಗ ದುಪ್ಪಟ್ಟು ಶ್ರಮ ಬೀಳುತ್ತದೆ, ಮಧ್ಯಾಹ್ನಕ್ಕೇ ಶಕ್ತಿ ತೀರುತ್ತದೆ. ಬೆಳಿಗ್ಗೆ ಬರುವುದು ಸಂಜೆ ಬರದಿದ್ದರೆ ನಾಟಕ ಅನ್ನುವುದು ಸುಲಭ, ಅಲ್ವಾ? ಅದಕ್ಕೇ ನೋಟ್‌ಬುಕ್ಕಿನಲ್ಲಿ ಗಂಟೆಯನ್ನೂ ಬರೆಯಿರಿ.

"ತನ್ನ ಪುಟ್ಟ ತಂಗಿ ಪೆನ್ಸಿಲ್ ಮುಟ್ಟಿದಳು ಅಂತ ತಾಟು ಎಸೆದ. ಐದು ನಿಮಿಷದ ಮೇಲೆ ತಾನೇ ಅತ್ತ." ಸಿಟ್ಟಿಗೆ ಲಗಾಮು ಹಾಕುವುದೂ ಹಣೆಯ ಹಿಂದಿನ ಭಾಗದ ಕೆಲಸವೇ. ಕೆಲವು ಮಕ್ಕಳು ಇದಕ್ಕೆ ಉಲ್ಟಾ, ಏನೂ ಬೇಡ ಅಂತ ಮೂಲೆ ಹಿಡಿಯುತ್ತಾರೆ. ಅವರನ್ನು "ಶಾಂತ ಆಗಿದ್ದಾನೆ, ಒಳ್ಳೆಯದೇ ಆಯ್ತು" ಅಂದುಬಿಡುತ್ತಾರೆ. ಅದನ್ನೂ ಬರೆಯಿರಿ.

ಒಂದು ಎಚ್ಚರಿಕೆ, ನನ್ನ ತಪ್ಪಿನಿಂದ ಕಲಿತದ್ದು. ಮೇಷ್ಟ್ರು ಅಲ್ವಾ, ಭೇಟಿಯಾದಾಗಲೆಲ್ಲ ಮಗ್ಗಿ ಕೇಳುವುದು, ಲೆಕ್ಕ ಕೊಡುವುದು ನನ್ನ ಚಾಳಿಯಾಯಿತು. ಹದಿನೈದು ದಿನದಲ್ಲಿ ಹುಡುಗ ನನ್ನ ಬೈಕಿನ ಸದ್ದು ಕೇಳಿದರೆ ಮಾಳಿಗೆ ಹತ್ತಿ ಅಡಗುವಂತಾದ. "ಮಾಮಾ ಬಂದ್ರ ನಾ ಹೊರಗ ಬರಂಗಿಲ್ಲ" ಅಂದನಂತೆ. ದಿನದ ಕೆಲಸದಲ್ಲಿ ಕಂಡದ್ದನ್ನು ಬರೆಯಿರಿ, ಮಗುವನ್ನು ದಿನಾ ಪರೀಕ್ಷೆಗೆ ಕೂರಿಸಬೇಡಿ.

ಶಾಲೆಗೆ ಕಳಿಸುವಾಗ

ತಲೆನೋವು ಹೆಚ್ಚದೆ ಅರ್ಧ ತಾಸು, ಮುಕ್ಕಾಲು ತಾಸು ಕೂತು ಓದಲು ಬಂದರೆ ಶಾಲೆಗೆ ಕಳಿಸಬಹುದು. ಪೂರ್ತಿ ಸುಧಾರಿಸಲಿ ಅಂತ ತಿಂಗಳುಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಮೊದಲ ವಾರ ಬಿಸಿಯೂಟದವರೆಗೆ ಮಾತ್ರ. ಆಮೇಲೆ ಒಂದೊಂದೇ ಪೀರಿಯಡ್ ಹೆಚ್ಚಿಸಿ.

ಮಗುವಿನ ಕೈಲಿ ಚೀಟಿ ಕಳಿಸಿದರೆ ಸಾಲದು. ತರಗತಿ ಶಿಕ್ಷಕರನ್ನು ಖುದ್ದಾಗಿ ಭೇಟಿಯಾಗಿ ಹೀಗೆ ಕೇಳಿಕೊಳ್ಳಿ: ಮುಂದಿನ ಬೆಂಚು, ಕಿಟಕಿಯಿಂದ ದೂರ. ಒಂದು ಸಲಕ್ಕೆ ಒಂದೇ ಸೂಚನೆ, ಆಗುವುದಾದರೆ ಬೋರ್ಡ್ ಮೇಲೆ ಬರೆದು. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬೆಂಚಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಲು ಎರಡು ನಿಮಿಷ. ಹೋಂವರ್ಕ್ ಅರ್ಧ: ಹತ್ತು ಲೆಕ್ಕದ ಬದಲು ಐದು. ಗಣಿತ, ಭಾಷೆ ಬೆಳಗಿನ ಹೊತ್ತಿಗೆ. ಕಿರುಪರೀಕ್ಷೆಗಳಿಂದ ಕೆಲವು ವಾರ ಬಿಡುವು.

ಹೆಚ್ಚಿನ ಶಿಕ್ಷಕರು ಒಪ್ಪುತ್ತಾರೆ. ಗೊತ್ತಿಲ್ಲದೆ ತಪ್ಪು ಮಾಡುವವರೇ ಜಾಸ್ತಿ, ಅವರಲ್ಲಿ ನಾನೂ ಒಬ್ಬ. ಎಷ್ಟೋ ವರ್ಷದ ಹಿಂದೆ ನನ್ನ ಐದನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಪಾಠ ಕೇಳುತ್ತಾ ಕೇಳುತ್ತಾ ಎಲ್ಲೋ ಹೋಗಿಬಿಡುತ್ತಿದ್ದ. ಗಮನ ಇಲ್ಲ ಅಂತ ಎಷ್ಟು ಸಲ ಹೊರಗೆ ನಿಲ್ಲಿಸಿದ್ದೇನೋ ಲೆಕ್ಕವಿಲ್ಲ. ಅವನು ಎರಡನೇ ತರಗತಿಯಲ್ಲಿದ್ದಾಗ ಟ್ರ್ಯಾಕ್ಟರ್ ಟ್ರೇಲರಿನಿಂದ ಬಿದ್ದು ಮೂರು ದಿನ ಎಚ್ಚರ ಇಲ್ಲದೆ ಮಲಗಿದ್ದ ಅಂತ ಗೊತ್ತಾದದ್ದು ಅವನು ಶಾಲೆ ಬಿಟ್ಟ ಮೇಲೆ. ನಾನು ಕೇಳಿರಲಿಲ್ಲ, ಅವರ ಮನೆಯವರು ಹೇಳಿರಲಿಲ್ಲ. ಎರಡಕ್ಕೂ ಸಂಬಂಧ ಇದೆ ಅಂತ ಅವರಿಗೂ ಗೊತ್ತಿರಲಿಲ್ಲ.

ಇನ್ನು ತಲೆಗೆ ಮೊಟಕುವ ಚಟ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಮಕ್ಕಳಿಗೆ ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು ಎರಡೂ ನಿಷಿದ್ಧ. ಪೆಟ್ಟಾದ ತಲೆಗಂತೂ ಬೆರಳೂ ತಾಗಬಾರದು ಅಂತ ಸ್ಪಷ್ಟವಾಗಿ ಹೇಳಿ ಬನ್ನಿ. ಮನೆಯಲ್ಲೂ ಅಷ್ಟೇ.

ಆಟ, ಮತ್ತು ಎರಡನೇ ಪೆಟ್ಟು

ಮೊದಲು ಪಾಠ, ಆಮೇಲೆ ಆಟ. ಪೂರ್ತಿ ದಿನ ಶಾಲೆಯಲ್ಲಿ ತೊಂದರೆಯಿಲ್ಲದೆ ಕೂರಲು ಬಂದ ಮೇಲೆಯೇ ಕಬಡ್ಡಿ, ಕೊಕ್ಕೊ, ಕ್ರಿಕೆಟ್ ಮಾತು. ನಡಿಗೆ, ಆಮೇಲೆ ಓಟ, ಆಮೇಲೆ ಒಬ್ಬನೇ ಚೆಂಡಾಟ, ಆಮೇಲೆ ಡಾಕ್ಟರ್ ಹೂಂ ಅಂದ ಮೇಲೆ ಮೈಗೆ ಮೈ ತಾಗುವ ಆಟ. ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ. ತಲೆನೋವು ಮರಳಿದರೆ ಒಂದು ಹಂತ ಹಿಂದಕ್ಕೆ. ಮಿದುಳು ಸುಧಾರಿಸುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ, ಅದು ಸಣ್ಣದಾದರೂ, ಮಿದುಳು ಬಾತು ಜೀವಕ್ಕೇ ಅಪಾಯ ಬರುವುದುಂಟು. ಅಪರೂಪ, ಆದರೆ ಬಂದರೆ ಕೈಮೀರುತ್ತದೆ.

ಬೈಕಿನ ಮೇಲೆ ಶಾಲೆಗೆ ಬಿಡುವವರು: ನಾಲ್ಕು ವರ್ಷ ದಾಟಿದ ಮಗುವಿಗೆ ಹೆಲ್ಮೆಟ್ ಕಡ್ಡಾಯ. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಅಳತೆಯ ಹೆಲ್ಮೆಟ್, ಸವಾರನಿಗೆ ಬಿಗಿಯುವ ಪಟ್ಟಿ, ವೇಗ 40 ಕಿಲೋಮೀಟರ್ ಒಳಗೆ. ಈ ನಿಯಮ 2023ರಿಂದ ಜಾರಿಯಲ್ಲಿದೆ. ದೊಡ್ಡವರ ಹೆಲ್ಮೆಟ್ ಮಗುವಿಗೆ ಹಾಕಿದರೆ ಬಿದ್ದಾಗ ಅದೇ ಮೊದಲು ಹಾರಿಹೋಗುತ್ತದೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರು ಮಕ್ಕಳನ್ನು ನಡುವೆ ಮಲಗಿಸಿ, ಮೋಟುಗೋಡೆ ಇಲ್ಲದ ಮಾಳಿಗೆಯಾದರೆ ಕೆಳಗೇ ಮಲಗಿ. ಪಂಚಮಿ ಜೋಕಾಲಿಗೆ ಹೊಸ ಹಗ್ಗ ತನ್ನಿ, ಕೆಳಗೆ ಫರಸಿ ಇದ್ದರೆ ಮರ ಬದಲಿಸಿ. ಕೂಸನ್ನು ಜೋರಾಗಿ ಅಲುಗಾಡಿಸುವುದು, ಮೇಲಕ್ಕೆ ಎಸೆದು ಹಿಡಿಯುವುದು ಬೇಡ.

ನಾಲ್ಕು ವಾರ ದಾಟಿದರೂ ಸರಿಹೋಗದಿದ್ದರೆ

ಈ ಹಂತದಲ್ಲೇ ನಮ್ಮಲ್ಲಿ ಹೆಚ್ಚಿನವರು ದಾರಿ ತಪ್ಪುವುದು. "ಹೆದರಿಕೊಂಡಿದ್ದಾನೆ", "ಗಾಳಿ ತಾಗಿದೆ" ಅಂತ ದೃಷ್ಟಿ ತೆಗೆಸುತ್ತಾರೆ, ತಾಯತ ಕಟ್ಟಿಸುತ್ತಾರೆ. ಬಂದಾ ನವಾಜ್ ದರ್ಗಾಕ್ಕೋ ಶರಣಪ್ಪನ ಗುಡಿಗೋ ಹೋಗಿ ಬನ್ನಿ, ನಾವೂ ಹೋಗಿದ್ದೆವು, ತಂಗಿಯ ಮನಸ್ಸಿಗೆ ಸಮಾಧಾನ ಆಯಿತು. ಆದರೆ ಡಾಕ್ಟರ್ ಹತ್ತಿರ ಹೋಗುವ ದಿನವನ್ನು ಅದಕ್ಕಾಗಿ ಮುಂದೂಡಬೇಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಬ್ರೇನ್ ಟಾನಿಕ್‌ಗೆ ದುಡ್ಡು ಸುರಿಯಬೇಡಿ, ಜಗ್ಗಿದ ನರತಂತುವನ್ನು ಅದು ರಿಪೇರಿ ಮಾಡುವುದಿಲ್ಲ. ಜ್ಞಾಪಕಶಕ್ತಿ ಆಟದ ಆ್ಯಪ್‌ಗಳೂ ಹಾಗೇ, ಹೆಚ್ಚಾಗಿ ಆ ಆಟವೊಂದೇ ಚೆನ್ನಾಗಿ ಬರುತ್ತದೆ.

ಮೊದಲು ಮಕ್ಕಳ ಡಾಕ್ಟರ್ ಅಥವಾ ನರರೋಗ ತಜ್ಞರು. ಕಣ್ಣು, ಕಿವಿ ತಪಾಸಣೆಯೂ ಆಗಲಿ. ಓದಲು ಆಗದಿರುವುದಕ್ಕೆ ಕೆಲವೊಮ್ಮೆ ಕಣ್ಣು ಎರಡೆರಡು ಕಾಣುವುದೇ ಕಾರಣ. ಜಿಲ್ಲೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬರುತ್ತವೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ತಪಾಸಣೆ, ಮುಂದಿನ ಆಸ್ಪತ್ರೆಗೆ ಶಿಫಾರಸು ಉಚಿತ. ಶಾಲೆಗೆ ಬಂದ ದಿನ ನಿಮ್ಮ ಮಗುವಿನ ವಿಷಯ ಹೇಳಲು ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿಡಿ. ಸಿಟ್ಟು, ಅಳು, ನಿದ್ದೆಗೇಡು ಜಾಸ್ತಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಯಾವ ಶಕ್ತಿ ಎಷ್ಟು ಕುಂದಿದೆ ಅಂತ ಅಳೆಯುವ ಪರೀಕ್ಷೆ ಬೇರೆಯೇ ಇದೆ. ಅದನ್ನು ನರಮನೋವಿಜ್ಞಾನದ ತರಬೇತಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಮಾಡುತ್ತಾರೆ. ಗಮನ, ನೆನಪು, ವೇಗ, ಭಾಷೆ, ಯೋಜನೆ ಎಲ್ಲವನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಮಗು ಸುಸ್ತಾಗದಂತೆ ಎರಡು ಮೂರು ಸಲ ಕೂರಿಸುವುದೂ ಉಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯ ಇದೆ. ಹೋಗುವಾಗ ಡಿಸ್ಚಾರ್ಜ್ ಕಾರ್ಡ್, ಸ್ಕ್ಯಾನ್ ಫಿಲ್ಮ್, ನಿಮ್ಮ ನೋಟ್‌ಬುಕ್ ಜೊತೆಗೆ ಶಾಲೆಯ ಎರಡು ಕಾಪಿ ಪುಸ್ತಕ ಒಯ್ಯಿರಿ: ಬೀಳುವ ಮುಂಚಿನದು ಒಂದು, ಆಮೇಲಿನದು ಒಂದು. ಹಳೇ ಕಾಪಿಯನ್ನು ರದ್ದಿಗೆ ಹಾಕಬೇಡಿ.

ವರದಿ ಬಂದ ಮೇಲೆ ಅದನ್ನು ಹಿಡಿದುಕೊಂಡು ತಾಲೂಕಿನ ಬಿ.ಆರ್.ಸಿ.ಗೆ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಹೋಗಿ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಅಲ್ಲಿ ಬಿ.ಐ.ಇ.ಆರ್.ಟಿ. ಶಿಕ್ಷಕರಿರುತ್ತಾರೆ. ತೊಂದರೆ ಉಳಿದುಬಿಟ್ಟರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಅದರ 21 ಬಗೆಯ ಪಟ್ಟಿಯಲ್ಲಿ ಬೌದ್ಧಿಕ ತೊಂದರೆ, ಕಲಿಕಾ ತೊಂದರೆ, ದೀರ್ಘಕಾಲದ ನರಸಂಬಂಧಿ ತೊಂದರೆಗಳೂ ಬರುತ್ತವೆ. ಪ್ರಮಾಣಪತ್ರ ಮಾಡಿಸಲು ಎಷ್ಟೋ ತಂದೆತಾಯಿ ನಾಚಿಕೊಳ್ಳುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಬೇಕಾದಾಗ ಕೇಳುವುದು ಆ ಕಾಗದವನ್ನೇ.

ಮನೆಯಲ್ಲಿ ಮಾಡುವಂಥದ್ದು ಸರಳ. ಕಳೆದುಹೋದ ನೆನಪನ್ನು ಉಜ್ಜಿ ಉಜ್ಜಿ ಹೊಳಪಿಸುವ ಬದಲು ಊರುಗೋಲು ಕೊಡಿ. ಬಾಗಿಲ ಹಿಂದೆ ದಿನದ ಕೆಲಸದ ಪಟ್ಟಿ ಅಂಟಿಸಿ: ಹಲ್ಲು, ಸ್ನಾನ, ಚೀಲ, ನೀರಿನ ಬಾಟಲಿ. ವಸ್ತುಗಳಿಗೆ ಒಂದೇ ಜಾಗ. ಹೇಳಿದ್ದನ್ನು ಮಗು ಒಮ್ಮೆ ತಿರುಗಿ ಹೇಳಲಿ. ನಮ್ಮ ಹುಡುಗ ತಾನೇ ಒಂದು ಉಪಾಯ ಕಂಡುಕೊಂಡ. ಅಂಗಡಿಗೆ ಹೊರಡುವಾಗ ಎಷ್ಟು ಸಾಮಾನು ಅಂತ ಕೇಳಿ ಅಷ್ಟು ಬೆರಳು ಮಡಚಿಕೊಂಡು ಹೋಗುತ್ತಾನೆ, ಒಂದೊಂದು ಕೊಂಡಾಗ ಒಂದೊಂದು ಬೆರಳು ಬಿಡಿಸುತ್ತಾನೆ. ನಾಲ್ಕರವರೆಗೆ ನಡೆಯುತ್ತದೆ. ಐದಾದರೆ ದುಡ್ಡು ಹಿಡಿಯಲು ಕೈ ಸಾಲುವುದಿಲ್ಲ, ಚೀಟಿ ಕೊಡು ಅನ್ನುತ್ತಾನೆ.

ಎರಡು, ಐದು, ಹತ್ತು ವರ್ಷದ ಮೇಲೆ

"ಎಳೇ ಮಗು, ಬೇಗ ಸುಧಾರಿಸುತ್ತೆ" ಎಂಬ ಮಾತು ಗಾಯಕ್ಕೆ ಸರಿ, ತೀವ್ರ ಪೆಟ್ಟಾದ ಮಿದುಳಿಗೆ ಅಷ್ಟು ಸರಿಯಲ್ಲ. ಹತ್ತು ವರ್ಷದ ಮಗು ಓದಲು ಕಲಿತಾಗಿದೆ. ಮೂರು ವರ್ಷದ ಮಗು ಇನ್ನು ಕಲಿಯಬೇಕು, ಕಲಿಯುವ ಸಾಧನಕ್ಕೇ ಪೆಟ್ಟಾಗಿದೆ. ಹಣೆಯ ಹಿಂದಿನ ಭಾಗವಂತೂ ಪೂರ್ತಿ ಬಲಿಯಲು ಹೆಚ್ಚುಕಮ್ಮಿ 25 ವರ್ಷ ಬೇಕು. ತೊಗರಿ ಹಾಕುವವರಿಗೆ ನೆಟೆ ರೋಗ ಗೊತ್ತು. ರೋಗ ಬೇರಿಗೆ ಮೊದಲೇ ತಗುಲಿರುತ್ತದೆ. ಗಿಡ ಹಸಿರಾಗಿ ಬೆಳೆಯುತ್ತದೆ, ಹೂವು ಕಾಯಿ ಬಿಡುವ ಹೊತ್ತಿಗೆ ಸೊರಗುತ್ತದೆ. ನಾಲ್ಕನೇ ವಯಸ್ಸಿನಲ್ಲಿ ಜೋರು ಪೆಟ್ಟಾದ ಮಗು ಮೂರನೇ ತರಗತಿವರೆಗೆ ಸರಿಯಾಗೇ ಇದ್ದು, ಆರೇಳನೇ ತರಗತಿಯಲ್ಲಿ ಎಡವಬಹುದು. ಅಲ್ಲಿ ತಾನೇ ಟಿಪ್ಪಣಿ ಮಾಡಿಕೊಳ್ಳಬೇಕು, ಆರು ವಿಷಯ ನಿಭಾಯಿಸಬೇಕು, ಪ್ರಬಂಧಕ್ಕೆ ಯೋಚನೆ ಜೋಡಿಸಬೇಕು. ಅಷ್ಟು ಹೊತ್ತಿಗೆ ಬಿದ್ದದ್ದು ಎಲ್ಲರಿಗೂ ಮರೆತಿರುತ್ತದೆ.

ಅದಕ್ಕೇ ಕಾಗದಗಳನ್ನು ಒಂದು ಫೈಲಿನಲ್ಲಿ ಇಡಿ. ಮಧ್ಯಮ ಅಥವಾ ತೀವ್ರ ಪೆಟ್ಟಾಗಿದ್ದರೆ ಡಾಕ್ಟರ್ ಹೇಳಿದಷ್ಟು ಕಾಲಕ್ಕೊಮ್ಮೆ ಪರೀಕ್ಷೆ ಮತ್ತೆ ಮಾಡಿಸಿ, ಅದರಲ್ಲೂ ಐದನೇ ತರಗತಿ, ಹೈಸ್ಕೂಲು, ಪಿಯುಸಿ ಹೀಗೆ ಶಾಲೆ ಬದಲಾಗುವ ಹೊತ್ತಿನಲ್ಲಿ. ಹೊಸ ಶಾಲೆಗೆ ಟಿಸಿ ಕೊಡುವ ದಿನವೇ ಫೈಲಿನ ಜೆರಾಕ್ಸ್ ಪ್ರತಿಯನ್ನೂ ಕೊಟ್ಟು ಬನ್ನಿ. ಡಿಸ್ಚಾರ್ಜ್ ಕಾರ್ಡಿನ ಅಕ್ಷರ ನಾಲ್ಕೈದು ವರ್ಷದಲ್ಲಿ ಮಾಸುತ್ತದೆ, ಈಗಲೇ ಫೋಟೋ ತೆಗೆದು ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ.